ಮಠದ ಮೈಕು, ಕುಕ್ಕರಿನ ಮೈಕು

"ಕುಕ್ಕರ್ ತಗೊಂಡ್ರ ತವಾ ಫ್ರೀ!" ಇವತ್ತು ತಂಬ್ರಹಳ್ಳಿ ಮಠದಲ್ಲಿ ನಮ್ಮ ಹೆಂಗಸರ ಭಜನೆಯ ನಡುವೆ ನಮ್ಮದೇ ಸ್ಪೀಕರ್ ಹೀಗೆ ಕೂಗಿತು, ಗೆಳತಿಯರೇ. ಶಿವನ ಮುಂದೆ ಹಾಡಲೆಂದು ತಿಂಗಳಿಡೀ ಕಲಿತಿದ್ದೆವು. ನಮಗೆ ಕೊಟ್ಟಿದ್ದು ಹದಿನೈದೇ ನಿಮಿಷ. ಎದುರಿನ ಪಾತ್ರೆ ಅಂಗಡಿಯ ವೈರ್‌ಲೆಸ್ ಮೈಕೂ ನಮ್ಮದೂ ಒಂದೇ ಚಾನೆಲ್ಲಿನಲ್ಲಿದ್ದವು.

ಮೈಕ್ ಸೆಟ್ಟಿನ ಖಾಜಾಸಾಬ್ ಓಡಿ ಬಂದ. "ಮೈಕನ್ನ ಆಟೋಮ್ಯಾಟಿಕ್‌ಗೆ ಹಾಕ್ತೀನ್ರಿ. ಯಾರಾರ ಮಾತಾಡಾಕತ್ತಾರೇನು ಅಂತ ಮೈಕೇ ಮೊದ್ಲು ಕೇಳಿ ನೋಡಿ, ಖಾಲಿ ಚಾನೆಲ್ಲಿಗೆ ತಾನ ಹೋಗ್ತೈತಿ."

ಮಠದ ಕಮಿಟಿ ಅಧ್ಯಕ್ಷರಿಗೆ ಸಿಟ್ಟು ಬಂತು. "ನಾವ್ಯಾಕ ಸರೀಬೇಕಲೇ? ಅವ್ರು ಸರೀಲಿ! ಈ ಚಾನೆಲ್ ಮೊದ್ಲಿಂದ ಮಠದ್ದು."

"ಗಾಳಿಗೆ ಪಹಣಿ ಐತೇನ್ರಿ ಅಧ್ಯಕ್ಷರ?" ಎಂದೆ.

ಅವರು ನನ್ನತ್ತ ನೋಡದೆ ಅಂಗಡಿಗೆ ಜಗಳಕ್ಕೆ ಹೋದರು. ಅತ್ತ ಹೋದದ್ದೇ ತಡ, ಖಾಜಾಸಾಬ್ ಗುಂಡಿ ಒತ್ತಿದ. ನಮ್ಮ ಮೈಕು ಬೇರೆ ಚಾನೆಲ್ಲಿಗೆ ಹೋಗಿ, ಕುಕ್ಕರಿನ ಕೂಗು ನಿಂತಿತು. ನಾವು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಬಂದು ಮೈಕು ಕಸಿದುಕೊಂಡು, "ನೋಡಿದ್ರಾ, ಹೆಂಗ ಸರಿಸಿದೆ ಅವ್ರನ್ನ!" ಎಂದು ಭಾಷಣ ಶುರು ಮಾಡಿದರು. ನಮ್ಮ ಹೊತ್ತು ಅದರಲ್ಲೇ ಮುಗಿಯಿತು.

ಸರಿದದ್ದು ನಮ್ಮ ಮೈಕೇ ಎಂದು ಜನರಿಗೆ ಹೇಳೋಣವೆಂದರೆ, ಮೈಕು ಅವರ ಕೈಯಲ್ಲಿತ್ತು.