ಹುಣಸೆಹಣ್ಣಿನಲ್ಲಿ ಮಿಂದ ಹುಲಿ

ಗೆಳೆಯರೇ, ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಅಮ್ಮನಿಗೆ ಸಲಹೆ ಕೊಡಬೇಡಿ.

ಅಜ್ಜಿ ಅಮ್ಮನಿಗೆ ಕೊಟ್ಟಿದ್ದ, ಹುಲಿ ಚಿತ್ರದ ನಿಕಲ್ ರೂಪಾಯಿಯನ್ನು ಮಾರುವ ಆಸೆ ನನ್ನದು. ಇವತ್ತು ಇಬ್ಬರೂ ನಮ್ಮ ಬಡಾವಣೆ ದ್ವಾರಕಾದಿಂದ ಮೆಟ್ರೋ ಹತ್ತಿ ನಾಣ್ಯದಂಗಡಿಗೆ ಹೋದೆವು. ಅಂಗಡಿಯವ ಅಯಸ್ಕಾಂತ ಹಿಡಿದ. ನಿಕಲ್ ಅಲ್ಲವೇ, ನಾಣ್ಯ ಟಪ್ಪನೆ ಅಂಟಿತು. “ಅಸಲಿ ಹೈ!” ಎಂದವನು ಭೂತಗನ್ನಡಿಯಲ್ಲಿ ನೋಡಿ ಮುಖ ಕಿವುಚಿದ. “ಮಾತಾಜಿ, ಧೋಯಾ ಕ್ಯಾ?” ತೊಳೆದಿರಾ ಅಂತ.

ಅಮ್ಮ ಹೆಮ್ಮೆಯಿಂದ, “ಹಾಂ ಭಯ್ಯಾ, ಹುಣಸೆಹಣ್ಣು... ಇಮ್ಲೀ ಸೇ!” ಎಂದಳು.

ತೊಳೆದು ಉಜ್ಜಿದ ನಾಣ್ಯಕ್ಕೆ ಸಂಗ್ರಹಕಾರರು ಬೆಲೆ ಕೊಡುವುದಿಲ್ಲ ಎಂದ ಅಂಗಡಿಯವ.

ಹೊರಗೆ ಬಂದು ರೇಗಿದೆ. “ತೊಳೀಬೇಡ, ತೊಳೆದ್ರೆ ಯಾರೂ ಕೊಳ್ಳಲ್ಲ ಅಂತ ನಿನ್ನೆ ಹತ್ತು ಸಲ ಹೇಳಿದ್ನಲ್ಲಮ್ಮ!”

“ನೀನು ಹೇಳಿದ್ದಕ್ಕೇ ತೊಳೆದೆ ಕಣೋ. ಇನ್ನು ಮಾರೋ ಮಾತು ಎತ್ತಬೇಡ.”

ಹುಲಿ ಈಗ ದೇವರ ಗೂಡಿನಲ್ಲಿ ಹೊಳೆಯುತ್ತಿದೆ. ಅಮ್ಮನ ಮುಖವೂ ಅಷ್ಟೇ. ಅದಕ್ಕೆ ಹುಣಸೆಹಣ್ಣೂ ಬೇಕಾಗಲಿಲ್ಲ.