ಎಂಟೂವರೆ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ರಕ್ತಹೀನತೆ ಎಂದರೆ ಒಂದು ಪದವಿ. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ತನಗೆ ಎಂಟೂವರೆ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಎದೆಯುಬ್ಬಿಸಿ ಹೇಳುತ್ತಾರೆ. ಪಕ್ಕದ ಬಸುರಿ "ನಂದು ಏಳು" ಎಂದರೆ ಮುಖ ಗಂಟಾಗುತ್ತದೆ: "ನಿಂದೇನು ಬಿಡೇ, ಹೆತ್ತ ಮೇಲೆ ಸರಿಹೋಗುತ್ತೆ. ನಂದು ಮೂವತ್ತು ವರ್ಷ ಎಲ್ಲರಿಗೂ ಬಡಿಸಿ, ಉಳಿದಿದ್ದು ತಿಂದು ಸಂಪಾದಿಸಿದ್ದು!" ಎದುರು ಮಂಚದಲ್ಲಿದ್ದ, ಮೂತ್ರಪಿಂಡ ಕೆಟ್ಟ ಮೇಷ್ಟ್ರೊಬ್ಬರದು ಆರಂತೆ; ಅವರಿಗೆ ಏರುತ್ತಿದ್ದ ರಕ್ತದ ಚೀಲವನ್ನು ಓರಗಿತ್ತಿಯ ಹೊಸ ಸರ ನೋಡುವ ಹಾಗೆ ನೋಡಿದರು. ಮೆಟ್ಟಿಲು ಹತ್ತಿದರೆ ಏದುಸಿರು, ಆದರೂ ಕಬ್ಬಿಣದ ಮಾತ್ರೆ ನುಂಗದೆ ಬಚ್ಚಿಡುತ್ತಾರೆ. ಮೊನ್ನೆ ಅದೇ ಬೆಂಚಿನ ಮೇಲೆ ಕೂತಾಗ ಗದರಿದೆ. "ವಾಸಿಯಾದ್ರೆ ಇಲ್ಲಿಗೆ ಕರ್ಕೊಂಡು ಬರ್ತೀಯೇನೋ?" ಎಂದರು. ಅಷ್ಟರಲ್ಲಿ ನರ್ಸ್ ಬಸುರಿಯನ್ನು ಬಿಟ್ಟು ಮೊದಲು ಇವರ ಬಳಿ ಬಂದು, "ಬೆಳಿಗ್ಗೆ ಏನು ತಿಂದ್ರಿ, ಅಮ್ಮಾ?" ಎಂದಳು. ದೊಡ್ಡಮ್ಮ ಬಸುರಿಯತ್ತ ಗೆದ್ದ ನೋಟ ಬೀರಿದರು. ಒಂದೇ ಮನೆಯಲ್ಲಿರುವ ನಾನು ಉತ್ತರಿಸಲು ಬಾಯಿ ತೆರೆದೆ. ಉತ್ತರ ನನಗೆ ಗೊತ್ತಿರಲಿಲ್ಲ.