ಚಿತ್ರದ ಮೂಲೆಯಲ್ಲಿ ಎರಡು ಸಹಿ

ನನಗೆ ಅನುಮಾನ ಬಂದದ್ದು ಔರಂಗಾಬಾದ್ ದಾರಿಯ ಯೇವಲಾ ಬಸ್ ಸ್ಟ್ಯಾಂಡಿನಲ್ಲಿ. ಡ್ರೈವರ್ ಚಹಾಕ್ಕೆಂದು ಇಳಿದುಹೋಗಿದ್ದ. ನನ್ನ ತೊಡೆಯ ಮೇಲೆ ಬೇರೆಯವರ ಪಾರ್ಸಲ್ ಒಂದಿತ್ತು. ಬಿಚ್ಚಿದೆ.

(ತಪ್ಪು. ಗೊತ್ತು. ಆದರೆ ಬರೀ ದಾರ ಸುತ್ತಿದ ಪಾರ್ಸಲ್ ಕೈಗೆ ಕೊಟ್ಟು ಐದು ತಾಸು ಬಸ್ಸಿನಲ್ಲಿ ಕೂರಿಸಿದರೆ ನೀವಾದರೂ ಏನು ಮಾಡುತ್ತಿದ್ದಿರಿ?)

ನನ್ನ ಪಾಡು ಇಷ್ಟು. ಬ್ಯಾಂಕಿನವರು ನನ್ನನ್ನು ನಾಸಿಕಕ್ಕೆ ಎತ್ತಿಹಾಕಿದ್ದಾರೆ. ಹೆಂಡತಿ, ಮಕ್ಕಳು ಶಾಲೆಯ ಕಾರಣಕ್ಕೆ ಔರಂಗಾಬಾದಿನಲ್ಲೇ ಉಳಿದಿದ್ದಾರೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನಾನು ಎಸ್.ಟಿ. ಬಸ್ಸು ಹತ್ತುತ್ತೇನೆ.

ನಾಸಿಕದಲ್ಲಿ ನಾನಿರುವುದು ಭಟ್ಟರ ಮನೆಯ ಮೇಲಿನ ಖೋಲಿಯಲ್ಲಿ. ಉಡುಪಿ ಕಡೆಯವರು, ಹೋಟೆಲು ನಡೆಸುತ್ತಾರೆ. ಅವರ ಮಗಳು ರೂಪಾ. ಇಪ್ಪತ್ತೊಂದು ವರ್ಷ. ಮಕ್ಕಳ ಪುಸ್ತಕಕ್ಕೆ, ದೀಪಾವಳಿ ವಿಶೇಷಾಂಕಗಳಿಗೆ ಚಿತ್ರ ಬರೆಯುತ್ತಾಳೆ.

"ಯಾವ ಕಂಪನಿ?" ಎಂದು ಮೊದಲ ದಿನವೇ ಕೇಳಿದ್ದೆ.

"ಕಂಪನಿ ಇಲ್ಲ ಕಾಕಾ. ಫ್ರೀಲಾನ್ಸ್."

ಹಾಜರಿ ಮಸ್ಟರಿಲ್ಲ, ಮೇಲಧಿಕಾರಿಯಿಲ್ಲ, ರಜೆ ಅರ್ಜಿಯಿಲ್ಲ. ಇದೆಂಥ ನೌಕರಿ? ಬ್ಯಾಂಕಿನವನಿಗೆ ಅಷ್ಟು ಸಾಕು, ಒಂದು ಹುಬ್ಬು ಮೇಲೆ ಹೋಗಲಿಕ್ಕೆ. ಸಾಲದ್ದಕ್ಕೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅವಳ ಕೋಣೆಯ ಬಾಗಿಲು ಬಂದ್. ಒಳಗಿನಿಂದ ಚಿಲಕ. ಅವಳ ತಾಯಿಗೂ ಪ್ರವೇಶವಿಲ್ಲ. ಚಿತ್ರ ಬರೆಯಲು ಚಿಲಕ ಯಾಕೆ?

ಅವತ್ತು ಆ ಪಾರ್ಸಲಿನಲ್ಲಿದ್ದದ್ದು ಅವಳ ಮೊದಲ ಇಡೀ ಪುಸ್ತಕದ ಹತ್ತು ಚಿತ್ರ. ಔರಂಗಾಬಾದಿನ ಒಬ್ಬ ಪ್ರಕಾಶಕರಿಗೆ ಮುಟ್ಟಿಸಬೇಕಿತ್ತು. ಅವರು ನನ್ನ ಹಳೇ ಶಾಖೆಯ ಗಿರಾಕಿ. ಈ ಪುಸ್ತಕದ ಮೇಲೆ ಹುಡುಗಿಯ ಹಣೆಬರಹವೇ ನಿಂತಿತ್ತು. ಒಂದು ವರ್ಷದೊಳಗೆ ಈ ಕೆಲಸ ಗಟ್ಟಿಯಾಗದಿದ್ದರೆ ಬಣ್ಣದ ಡಬ್ಬಿ ಕಟ್ಟಿಟ್ಟು ಹೋಟೆಲ್ಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕು ಎಂದು ಭಟ್ಟರು ಹೇಳಿಬಿಟ್ಟಿದ್ದರು. ವರ್ಷ ತುಂಬಲು ಎರಡೇ ತಿಂಗಳು ಉಳಿದಿತ್ತು. ಇದೆಲ್ಲ ನನಗೆ ಗೊತ್ತಿತ್ತು.

ಚಿತ್ರಗಳೇನೋ ಚೆನ್ನಾಗಿದ್ದವು. ಒಬ್ಬ ಅಜ್ಜಿ, ಅವಳ ಮೇಕೆ, ಲಾಸಲಗಾಂವ್ ಮಾರುಕಟ್ಟೆಗೆ ಹೊರಟ ಈರುಳ್ಳಿ ಗಾಡಿ. ಆದರೆ ನನ್ನ ಕಣ್ಣು ಹೋದದ್ದು ಮೂಲೆಯ ಸಹಿಗೆ. ಹದಿನೆಂಟು ವರ್ಷ ಚೆಕ್ಕಿನ ಸಹಿಯನ್ನೂ ಸ್ಪೆಸಿಮೆನ್ ಕಾರ್ಡಿನ ಮಾದರಿ ಸಹಿಯನ್ನೂ ತಾಳೆ ನೋಡಿದ ಕಣ್ಣು ಇನ್ನೆಲ್ಲಿಗೆ ಹೋಗಬೇಕು? ಆರು ಚಿತ್ರದಲ್ಲಿ ಸಹಿ ಗಟ್ಟಿ. ನಾಲ್ಕರಲ್ಲಿ ನಡುಗುತ್ತಿದೆ. ಅಕ್ಷರ ವಾಲುವ ರೀತಿಯೇ ಬೇರೆ.

ಒಂದೇ ಹೆಸರು, ಎರಡು ಕೈ!

ಇನ್ನೊಂದು ಮಾತು. ನಡುಗುವ ಗೆರೆಯ ಆ ನಾಲ್ಕು ಚಿತ್ರಗಳೇ ಹೆಚ್ಚು ಚೆನ್ನಾಗಿದ್ದವು. ಆ ಅಜ್ಜಿ ಇನ್ನೇನು ಕೆಮ್ಮುತ್ತಾಳೆ ಎನ್ನುವ ಹಾಗೆ ಇದ್ದಳು. ಭಟ್ಟರು ದಿನಾ ಬೆಳಿಗ್ಗೆ ಹೋಟೆಲ್ಲಿನ ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಹೂಬಳ್ಳಿ ಬಿಡಿಸಿ ತಿಂಡಿಯ ಹೆಸರು ಬರೆಯುತ್ತಾರೆ. ಇತ್ತೀಚೆಗೆ ಅವರ ಕೈ ನಡುಗುತ್ತದೆ, ಕಾಫಿ ಲೋಟ ಬಟ್ಟಲಿನಲ್ಲಿ ಕಟಕಟ ಅನ್ನುತ್ತದೆ. ಲೆಕ್ಕ ಸರಿಹೋಯಿತಲ್ಲ? ಬರೆಯುವವರು ಅಪ್ಪ, ಹೆಸರು ಮಗಳದು. ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವ ಬೆದರಿಕೆಯೂ ನಾಟಕವೇ ಇರಬೇಕು. ಬಸ್ಸು ವೈಜಾಪುರ ದಾಟುವಷ್ಟರಲ್ಲಿ ಇಡೀ ಕೇಸು ನನ್ನ ತಲೆಯಲ್ಲಿ ತಯಾರಾಗಿತ್ತು.

ಮರುದಿನ ಪ್ರಕಾಶಕರು ಚಿತ್ರಗಳನ್ನು ಮೇಜಿನ ಮೇಲೆ ಹರಡಿ, "ಇಷ್ಟು ಚಿಕ್ಕ ಹುಡುಗಿ! ತಾನೇ ಬರೀತಾಳಾ ಸಾಹೇಬ?" ಎಂದು ಸುಮ್ಮನೆ ಮಾತಿಗೆ ಕೇಳಿದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಾನು ಬೆರಳಿಟ್ಟು ತೋರಿಸಿದೆ. "ಈ ಸಹಿ ನೋಡ್ರಿ. ಈಗ ಇದನ್ನ ನೋಡ್ರಿ."

ವಾರದೊಳಗೆ ನಾಸಿಕಕ್ಕೆ ಕಾಗದ ಬಂತು. ಖುದ್ದಾಗಿ ಬಂದು ನಮ್ಮೆದುರು ಚಿತ್ರ ಬರೆದು ತೋರಿಸಬೇಕು, ಅಲ್ಲಿಯವರೆಗೆ ಪುಸ್ತಕ ನಿಲ್ಲಿಸಿದ್ದೇವೆ ಎಂದು.

ಮುಂದಿನ ಶನಿವಾರ ಅಪ್ಪ, ಮಗಳು ನನ್ನದೇ ಬಸ್ಸಿನಲ್ಲಿ. ನನ್ನದೇ ಸೀಟಿನಲ್ಲಿ. ರೂಪಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮುಖ ಸಪ್ಪೆ.

"ಯಾರೋ ಚಾಡಿ ಹೇಳಿದ್ದಾರೆ ಮಾರಾಯ್ರೆ," ಎಂದರು ಭಟ್ಟರು. "ಇಲ್ಲದಿದ್ರೆ ಇಷ್ಟು ದಿನ ಇಲ್ಲದ ಸಂಶಯ ಈಗ ಎಂತಕ್ಕೆ?"

"ಇರಬಹುದ್ರಿ," ಎಂದೆ. "ಜನಾ ಅಂದ್ರ ಹಂಗಽ ಅಲ್ಲೇನ್ರಿ."

(ಈ ಸಾಲು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತಿದೆ.)

ಮರುದಿನ ಪ್ರಕಾಶಕರ ಎದುರು ಅವಳನ್ನು ಪರೀಕ್ಷೆಗೆ ಕೂರಿಸಿದ ಹಾಗೆ ಕೂರಿಸಿದರು. ಒಂದು ಹಾಳೆ, ಒಂದು ದೌತಿ, ಅದ್ದಿ ಬರೆಯುವ ಪೆನ್ನು. "ಅಜ್ಜಿಯನ್ನು ಬರಿ" ಎಂದರು. ಬಲಗೈಯಲ್ಲಿ ಪಟಪಟ ಬರೆದಳು. ಚೊಕ್ಕ ಗೆರೆ. ಗಟ್ಟಿ ಸಹಿ.

"ಇದಲ್ಲ," ಎಂದರು ಪ್ರಕಾಶಕರು. "ಇನ್ನೊಂದು ಥರದ್ದು."

ಅವಳು ಒಮ್ಮೆ ಅಪ್ಪನ ಮುಖ ನೋಡಿದಳು. ಆಮೇಲೆ ಪೆನ್ನನ್ನು ಎಡಗೈಗೆ ಬದಲಿಸಿದಳು.

ಭಟ್ಟರು ಕುರ್ಚಿಯಿಂದ ಅರ್ಧ ಎದ್ದರು. ಅವರಿಗೂ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಎಡಗೈ ಮುಂದೆ ಮಾಡಿದರೆ ಮನೆಯಲ್ಲಿ ಬೈಗುಳ ತಿಂದವಳು. ಚಿಲಕ ಹಾಕುತ್ತಿದ್ದದ್ದು ಅದಕ್ಕೆ.

ಗೆರೆ ನಡುಗುತ್ತ, ನಿಲ್ಲುತ್ತ, ಮತ್ತೆ ಹೊರಡುತ್ತ ಹೋಯಿತು. ಅರ್ಧ ತಾಸು ಹಿಡಿಯಿತು. ಅಜ್ಜಿ ಬಂದಳು. ಕೆಳಗೆ ಅದೇ ಕೈಯಲ್ಲಿ ನಡುಗುವ ಸಹಿ.

"ಬಲಗೈ ಏಕದಮ್ ಹುಷಾರಿ ಕಾಕಾ," ಎಂದಳು ನನ್ನ ಕಡೆ ತಿರುಗಿ. "ಅಜ್ಜಿ ಅಂದ ಕೂಡ್ಲೆ ತನಗೆ ಬಾಯಿಪಾಠ ಇರುವ ಅಜ್ಜಿಯನ್ನೇ ಬಿಡಿಸಿಬಿಡ್ತದೆ. ನೋಡೋದೇ ಇಲ್ಲ. ಎಡಗೈಗೆ ಎಂತದೂ ಬರೋದಿಲ್ಲ. ಅದು ನೋಡ್ಲೇಬೇಕಾಗ್ತದೆ."

ಹದಿನೆಂಟು ವರ್ಷದ ನನ್ನ ಕಣ್ಣು ಎಂಥ ಬಲಗೈ ಎಂದು ಅವತ್ತು ಗೊತ್ತಾಯಿತು. ಸಹಿ ಹೊಂದದಿದ್ದರೆ ಕಳ್ಳತನ. ಬೇರೆ ಏನನ್ನೂ ಅದು ನೋಡುವುದೇ ಇಲ್ಲ. ನಾವೆಲ್ಲ ಹೀಗೇ ಅಲ್ಲವೇ? ಎದುರುಮನೆಯವರು ಹೊಸ ಫ್ರಿಜ್ ತಂದರೂ, ಪಕ್ಕದ ಹುಡುಗಿ ಬಾಗಿಲು ಹಾಕಿಕೊಂಡರೂ ಬಾಯಿಪಾಠದ ಕಥೆಯೊಂದು ನಮ್ಮ ಬಳಿ ತಯಾರೇ ಇರುತ್ತದೆ.

ಪ್ರಕಾಶಕರಿಗೆ ಖುಷಿಯೋ ಖುಷಿ. ಪುಸ್ತಕ ಅವಳದೇ, ಮುಂದಿನ ಎರಡು ಪುಸ್ತಕವೂ ಅವಳಿಗೇ ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಬೆನ್ನು ತಟ್ಟಿ, "ನಮ್ಮ ಸಾಹೇಬರ ಕಣ್ಣು ಭಾರೀ ಚುರುಕು! ಎರಡು ಸಹಿ ಹಿಡಿದುಕೊಟ್ಟವರೇ ಇವರು," ಎಂದರು.

ಭಟ್ಟರು ಎದ್ದರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ರೂಪಾ ಪೆನ್ನು ಒರೆಸಿಟ್ಟಳು. ಸಿಟ್ಟಿನಲ್ಲಿ ಅಲ್ಲ, ನಿಜವಾಗಿ ತಿಳಿಯದೆ ಕೇಳಿದಳು:

"ನಾವು ಕೆಳಗೇ ಇದ್ದೆವಲ್ಲ ಕಾಕಾ. ವಾಪಸು ಬಂದು ನನ್ನನ್ನೇ ಕೇಳಬಹುದಿತ್ತಲ್ಲ?"

ಬಸ್ಸಿಗೆ ಹೊತ್ತಾಯಿತು ಎಂದೆ. ನಿಮಗೆ ನಿಜ ಹೇಳುತ್ತೇನೆ. ಕೇಳಿದ್ದರೆ ಅನುಮಾನ ಅಲ್ಲೇ ಸತ್ತುಹೋಗುತ್ತಿತ್ತು. ಅದು ಸಾಯಲಿ ಎಂದು ನನಗೆ ಮನಸ್ಸಾದರೂ ಎಲ್ಲಿತ್ತು?